ಅತ್ತೆಯ ಆಲ್ತಾರ್ ತೆಗೆಯಲೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಂಗಳೂರಿನ ಸೋದರಿಯೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಹುಟ್ಟಾ ಕಥೋಲಿಕರಾದ ಅವರೂ ಪತಿಯೂ ಎರಡು ವರ್ಷದಿಂದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ಮನೆಯ ಮರಿಯಮಾತೆಯ ಪ್ರತಿಮೆ, ಹಿತ್ತಾಳೆ ದೀಪ, ಮೊಂತಿ ಹಬ್ಬದ (ಮಾತೆಯ ಹುಟ್ಟುಹಬ್ಬ, ಹೊಸ ಬೆಳೆಯ ಹಬ್ಬ) ತೆನೆ, ಕೊರಳ ಕರಿಮಣಿ ಎಲ್ಲವೂ ಅನ್ಯದೇವತೆಗಳ ಗುರುತು, ಹೊರಗೆ ಹಾಕಿ ಎಂದು ಅಲ್ಲಿನ ಪಾಸ್ಟರ್ ಹೇಳಿದ್ದಾರೆ. ಪ್ರತಿಮೆಯಿರುವ ಆಲ್ತಾರ್ (ಮನೆಯ ಪ್ರಾರ್ಥನಾ ಪೀಠ) ಅತ್ತೆಯದು, ಅವರೂ ಅದೇ ಮನೆಯಲ್ಲಿದ್ದಾರೆ. ಅದನ್ನು ತೆಗೆಯಲೇ ಎಂದು ಸೋದರಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಡಮಾಡಬೇಡಿ
ಬೈಬಲಿನ ವಿಮೋಚನಕಾಂಡ 20 ತೆರೆದು ಓದಿ. ಕೆತ್ತಿದ ರೂಪ ಮಾಡಿಕೊಳ್ಳಬೇಡ, ಅಡ್ಡಬೀಳಬೇಡ ಎಂದಿದೆ. ಅತ್ತೆ ಏನೆನ್ನುತ್ತಾರೋ ಎಂದು ದೇವರ ಮಾತನ್ನು ಬದಿಗಿಡಬಹುದೇ? ನಾನು ಎಲ್ಲ ತೆಗೆದೆ, ನೆಮ್ಮದಿಯಾಗಿದ್ದೇನೆ.
– ಬೆಂಗಳೂರಿನ ಓದುಗ

ಒಂದೇ ಪ್ರಶ್ನೆ
ಅತ್ತೆಯನ್ನು ಕೇಳಿದಿರಾ? ಪಾಸ್ಟರನ್ನು ಕೇಳಿದಿರಿ, ಪತ್ರಿಕೆಯನ್ನು ಕೇಳಿದಿರಿ!
– ಬಂಟ್ವಾಳ

ಮುಂದಿನ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಕೊಟ್ಟಿದ್ದೇವೆ.

ಗೋಡೆಯ ಮಸಿ
ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದನ್ನೇ ಮಾಡಿದವನು ನಾನು. ಅಮ್ಮ ಬೆಳಗಿನ ಪೂಜೆಗೆ ಇಗರ್ಜಿಗೆ (ಚರ್ಚಿಗೆ) ಹೋಗಿದ್ದಾಗ ಆಲ್ತಾರ್ ಬಿಚ್ಚಿದೆ. ಮಾತೆಯ ಪ್ರತಿಮೆಯ ಎರಡು ಬೆರಳು ಮುರಿದಿದ್ದವು. ಅಪ್ಪ ಬದುಕಿದ್ದಾಗ ಮೇಣದಲ್ಲಿ ಅಂಟಿಸಿದ್ದರು. ಗೋಣಿಚೀಲಕ್ಕೆ ಹಾಕಿ ನೇತ್ರಾವತಿಗೆ ಬಿಟ್ಟೆ. ತೆನೆಯನ್ನು ಒಲೆಗೆ ಹಾಕಿದೆ. ಭತ್ತ ಚಟಪಟ ಸಿಡಿದದ್ದು ಈಗಲೂ ಕಿವಿಯಲ್ಲಿದೆ.

ಅಮ್ಮ ಬಂದರು, ನೋಡಿದರು, ಬೈಯಲಿಲ್ಲ. ಮೇಣದಬತ್ತಿ ಉರಿದು ಉರಿದು ಗೋಡೆಯಲ್ಲಿ ಅಂಗೈಯಗಲ ಮಸಿ ಹಿಡಿದಿತ್ತು. ಅಂದು ಸಂಜೆ ಆ ಮಸಿಯ ಮುಂದೆ ಮೊಣಕಾಲೂರಿ ತೇರ್ಸ (ಜಪಮಾಲೆ ಪ್ರಾರ್ಥನೆ) ಹೇಳಿದರು. ಮರುದಿನವೂ ಹೇಳಿದರು.

ಆ ವರ್ಷ ಸೆಪ್ಟೆಂಬರ್ 8ಕ್ಕೆ ಇಗರ್ಜಿಯಿಂದ ತೆನೆ ತಂದು, ಹೊಸ ಕಾಳು ಅರೆದು ಬೆರೆಸಿದ ಹಾಲನ್ನು ಲೋಟದಲ್ಲಿ ನನ್ನ ಮುಂದಿಟ್ಟರು. ವಿಗ್ರಹಕ್ಕಿಟ್ಟದ್ದು ಎಂದು ನಾನು ಮುಟ್ಟಲಿಲ್ಲ. ಮುಂದಿನ ಮೊಂತಿ ಹಬ್ಬಕ್ಕೆ ಅಮ್ಮ ಇರಲಿಲ್ಲ. ಕೂಟ ಬಿಟ್ಟೆ. ಆ ಗೋಡೆಗೆ ಮಾತ್ರ ಇನ್ನೂ ಸುಣ್ಣ ಬಳಿಸಿಲ್ಲ.
– ಹೆಸರು ಬೇಡ

ಅದೇ ದೀಪ
ಇದು ಹೊಸ ಜಗಳವಲ್ಲ. ಗೋವೆಯ ಇನ್‌ಕ್ವಿಸಿಷನ್ (ಪೋರ್ಚುಗೀಸರ ಕಾಲದ ಮತವಿಚಾರಣಾ ನ್ಯಾಯಾಲಯ) 1736ರಲ್ಲಿ ಹೊರಡಿಸಿದ ನಿಷೇಧಾಜ್ಞೆ ಮದುವೆಯ ವೀಳ್ಯದೆಲೆ, ಅಂಗಳದ ತುಳಸಿ, ಉಡುವ ಧೋತಿಯನ್ನೂ ಬಿಡಲಿಲ್ಲ. 1969ರಲ್ಲಿ ರೋಮ್, ಭಾರತದ ಪೂಜೆಯಲ್ಲಿ ಚಪ್ಪಲಿ ಕಳಚಿ, ಕೈಮುಗಿದು, ಎಣ್ಣೆದೀಪ ಹಚ್ಚಿ, ಆರತಿ ಎತ್ತಲು ಒಪ್ಪಿಗೆ ಕೊಟ್ಟಿತು. ನಾನು ಬೋಧಿಸಿದ ಮಕ್ಕಳಿಗೆ ಇದನ್ನು ಹೇಳಲಿಲ್ಲವೆಂಬ ಕೊರಗು ನನಗಿದೆ.
– ನಿವೃತ್ತ ಶಿಕ್ಷಕಿ, ಕಾರ್ಕಳ

ಮನೆ ಯಾರದು?
ಆಸ್ತಿ ಅತ್ತೆಯ ಹೆಸರಲ್ಲಿದ್ದರೆ ಗೋಡೆಯ ಮೊಳೆ ಕೀಳಲೂ ಅವರ ಒಪ್ಪಿಗೆ ಬೇಕು. ಮೊದಲು ಮನೆಯ ಆಸ್ತಿ ಪತ್ರ ನೋಡಿ.
– ಪುತ್ತೂರು

ಪ್ರತಿಮೆಯನ್ನೇ ಇಡದ ಸಭೆಯವರೊಬ್ಬರ ಮಾತಿಗೆ ವಿಶೇಷ ತೂಕವಿದೆ ಎನ್ನಿಸಿತು.

ಹಿಜ್ಕೀಯನೂ ಪೌಲನೂ
1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ನಿನ ಪರಂಪರೆ ನಮ್ಮದು. ನಮ್ಮ ದೇವಾಲಯದಲ್ಲಿರುವುದು ಬರಿಯ ಶಿಲುಬೆ. ಮೋಶೆ ಮಾಡಿಸಿದ ತಾಮ್ರದ ಸರ್ಪಕ್ಕೇ ಜನ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದುಹಾಕಿದ. ನಿಮ್ಮ ಪಾಸ್ಟರ್ ಇದನ್ನೇ ತೋರಿಸುತ್ತಾರೆ. ಆದರೆ ಹಿಜ್ಕೀಯ ಒಡೆದದ್ದು ತನ್ನ ಆಳ್ವಿಕೆಯಲ್ಲಿದ್ದುದನ್ನು. ವಿಗ್ರಹ ಏನೂ ಅಲ್ಲವೆಂದು ಬಲ್ಲವನು, ಅಷ್ಟು ತಿಳಿಯದ ಸಹೋದರನ ಮನಸ್ಸಾಕ್ಷಿಗೆ ಗಾಯ ಮಾಡಬಾರದೆಂದು ಪೌಲ ಕೊರಿಂಥದವರಿಗೆ ಬರೆದ. ತಾಯಿ, ನಿಮ್ಮ ಕರಿಮಣಿ ನಿಮ್ಮದು. ಇಡುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆಲ್ತಾರ್ ಅತ್ತೆಯದು. ಅವರು ತೇರ್ಸ ಹೇಳುವಾಗ ಪಕ್ಕದಲ್ಲಿ ನಿಮ್ಮ ಬೈಬಲ್ ಹಿಡಿದು ಕೂತುಕೊಳ್ಳಿ.
– ಉಡುಪಿ

ಈ ಸಂಚಿಕೆ ಅದೇ ಮನೆಗೆ ಹೋಗುತ್ತದೆ. ಅತ್ತೆಯವರು ಬರೆಯಲು ಮನಸ್ಸು ಮಾಡಿದರೆ ಮುಂದಿನ ವಾರ ಮೊದಲ ಜಾಗ ಅವರಿಗೆ.
– ಸಂ.