ಮೆಮೊರಿ ಹೆಚ್ಚಿಸಲು ತಯಾರಕರು ಇಷ್ಟು ದುಬಾರಿ ಬೆಲೆ ಕೇಳುವುದೇಕೆ?

ಪ್ರಶ್ನೆ: ಲ್ಯಾಪ್‌ಟಾಪ್ ಕೊಳ್ಳುವಾಗ 16 ಜಿಬಿಯ ಬದಲು 32 ಜಿಬಿ ರ‍್ಯಾಮ್ (ಮೆಮೊರಿ) ಆರಿಸಿದರೆ ತಯಾರಕರು ಕೇಳುವ ಹೆಚ್ಚುವರಿ ಹಣ, ಬಿಡಿಯಾಗಿ ಸಿಗುವ ರ‍್ಯಾಮ್‌ನ ಬೆಲೆಗಿಂತ ಬಹಳ ಹೆಚ್ಚಾಗಿದೆ. ಅವರು ಬಳಸುವ ಚಿಪ್‌ಗಳು ಅಷ್ಟೊಂದು ಉತ್ತಮವೇ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್): ಇಲ್ಲ. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಕಂಪನಿಗಳೇ ತಯಾರಿಸುವುದರಿಂದ, ಲ್ಯಾಪ್‌ಟಾಪಿನೊಳಗಿನ ಚಿಪ್ಪೂ ಬಿಡಿಯಾಗಿ ಮಾರುವ ಮೆಮೊರಿ ಹಲಗೆಯ (ಮಾಡ್ಯೂಲಿನ) ಚಿಪ್ಪೂ ಸಾಮಾನ್ಯವಾಗಿ ಅಲ್ಲಿಂದಲೇ ಬಂದಿರುತ್ತವೆ. ಪ್ರತಿಯೊಂದು ಮಾದರಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ದಾಸ್ತಾನು ಇಟ್ಟು, ಖಾತರಿ ಕೊಡುವ ಖರ್ಚು ನಿಜವಾದದ್ದೇ. ಆದರೆ ನೀವು ಕಂಡ ಅಂತರವನ್ನು ಅದೊಂದೇ ವಿವರಿಸಲಾರದು.

ಮುಖ್ಯ ಕಾರಣ ಬೆಲೆಯ ಲೆಕ್ಕಾಚಾರ. ಗ್ರಾಹಕರು ಯಂತ್ರಗಳನ್ನು ಹೋಲಿಸುವುದು ಆರಂಭಿಕ ಬೆಲೆಯಿಂದ. ಆದ್ದರಿಂದ ಅಲ್ಲಿ ಲಾಭವನ್ನು ತೆಳುವಾಗಿಟ್ಟು, ಹೆಚ್ಚು ಮೆಮೊರಿ ಬೇಕೆನ್ನುವ ವೀಡಿಯೊ ಸಂಕಲನಕಾರರು, ಪ್ರೋಗ್ರಾಮರ್‌ಗಳು ಮೊದಲಾದವರಿಂದ ಅದನ್ನು ಭರ್ತಿ ಮಾಡಿಕೊಳ್ಳುತ್ತಾರೆ. ಕೆಲಸಕ್ಕೆ ಬೇಕೇ ಬೇಕಾದವರು ಚೌಕಾಸಿ ಮಾಡುವುದಿಲ್ಲವೆಂಬುದು ತಯಾರಕರಿಗೆ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿಯು ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮೆಮೊರಿಯನ್ನು 8 ಜಿಬಿಯಿಂದ 16 ಜಿಬಿಗೆ ಏರಿಸಿದರೂ ಆರಂಭಿಕ ಬೆಲೆಯನ್ನು ಏರಿಸಲಿಲ್ಲ. ಅಮೆರಿಕದಲ್ಲಿ ಆ ಹೆಚ್ಚುವರಿ 8 ಜಿಬಿಗೆ ಅದುವರೆಗೆ 200 ಡಾಲರ್ ಕೊಡಬೇಕಿತ್ತು.

ಇದು ನಡೆಯುವುದು ಸ್ಪರ್ಧೆ ಇಲ್ಲದ ಕಡೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಎಲ್‌ಪಿಡಿಡಿಆರ್ ಎಂಬ ಕಡಿಮೆ ವಿದ್ಯುತ್ತಿನ ಮೆಮೊರಿಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪ್ರೊಸೆಸರಿನ ಹತ್ತಿರವೇ ಇರುವುದರಿಂದ ವೇಗ ಹೆಚ್ಚುತ್ತದೆ, ವಿದ್ಯುತ್ ಉಳಿಯುತ್ತದೆ. ಈ ತಾಂತ್ರಿಕ ಸಮರ್ಥನೆ ಪ್ರಾಮಾಣಿಕವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ನಂತರ ಬೇರೆಯವರಿಂದ ರ‍್ಯಾಮ್ ಕೊಳ್ಳುವ ದಾರಿ ಅದರಿಂದಲೇ ಮುಚ್ಚಿಹೋಗುತ್ತದೆ, ತಯಾರಕರು ಹೇಳಿದ್ದೇ ಬೆಲೆಯಾಗುತ್ತದೆ.

ಪ್ರಶ್ನೆ: ಹಾಗಾದರೆ ಕಡಿಮೆ ರ‍್ಯಾಮ್ ಇರುವುದನ್ನು ಕೊಂಡು, ಮುಂದೆ ನಾನೇ ಹೆಚ್ಚಿಸಿಕೊಳ್ಳಬಹುದೇ ಸರ್?

ಉತ್ತರ: ಸ್ಲಾಟ್ ಇದ್ದರೆ ಖಂಡಿತ ಮಾಡಬಹುದು. ತಾಂತ್ರಿಕ ವಿವರಗಳಲ್ಲಿ ಸೋಡಿಮ್ (SO-DIMM, ಅಂದರೆ ಸ್ಲಾಟಿನಲ್ಲಿ ಸಿಕ್ಕಿಸುವ ಮಾಡ್ಯೂಲು) ಎಂದಿದ್ದರೆ ರ‍್ಯಾಮ್ ಬದಲಿಸಲು ಸಾಧ್ಯ. ಎಷ್ಟು ಸ್ಲಾಟ್‌ಗಳಿವೆ, ಗರಿಷ್ಠ ಎಷ್ಟು ಜಿಬಿ ಒಪ್ಪುತ್ತದೆ ಎಂಬುದನ್ನೂ ನೋಡಿ. ಹಿಂದಿನ ಪೀಳಿಗೆಯ ಡಿಡಿಆರ್4 ಮಾಡ್ಯೂಲು ಅದರ ನಂತರದ ಡಿಡಿಆರ್5 ಸ್ಲಾಟಿನಲ್ಲಿ ಕೂರುವುದಿಲ್ಲ. ಎಲ್‌ಪಿಡಿಡಿಆರ್ ಎಂದಷ್ಟೇ ಇದ್ದರೆ ಬೆಸುಗೆ ಹಾಕಿದೆಯೆಂದೇ ತಿಳಿಯಬೇಕು. ಎಲ್‌ಪಿಕ್ಯಾಮ್2 ಎಂಬ, ಸ್ಕ್ರೂ ಬಿಗಿದು ಕೂರಿಸುವ ಹೊಸ ಮಾಡ್ಯೂಲು ಇದಕ್ಕೆ ಅಪವಾದ. ಆದರೆ ಅದನ್ನು ಅಳವಡಿಸಿದ ಲ್ಯಾಪ್‌ಟಾಪ್‌ಗಳು ಕೆಲವೇ. ಮೆಮೊರಿಯನ್ನು ಬೆಸುಗೆ ಹಾಕಿರುವ ಲ್ಯಾಪ್‌ಟಾಪನ್ನೇ ಕೊಳ್ಳುವುದಾದರೆ, ನಾಲ್ಕೈದು ವರ್ಷಗಳಿಗೆ ಬೇಕಾಗುವಷ್ಟು ಮೆಮೊರಿಯನ್ನು ಆ ಬೆಲೆ ಕೊಟ್ಟಾದರೂ ಮೊದಲೇ ಹಾಕಿಸಿಕೊಳ್ಳಿ.