ನಾಲ್ಕು ದೇಶಕ್ಕೆ ಒಂದೇ ಪ್ರವಾಸಿ ಕೈಪಿಡಿ: ಎಷ್ಟರ ಮಟ್ಟಿಗೆ ನಂಬಬಹುದು?

ಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಮನೆಯವರು ಬರುವ ಜನವರಿಯಲ್ಲಿ ಐದು ವಾರ ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಲಾವೋಸ್ ದೇಶಗಳನ್ನು ಆದಷ್ಟೂ ರೈಲು, ಬಸ್ಸುಗಳಲ್ಲೇ ಸುತ್ತಿಬರಬೇಕೆಂದು ಯೋಚಿಸಿದ್ದೇವೆ. ಇಬ್ಬರೂ ನಿವೃತ್ತರಾದ್ದರಿಂದ ಅವಸರವಿಲ್ಲ, ಆದರೆ ದಿನವಿಡೀ ಮೊಬೈಲ್ ನೋಡಿಕೊಂಡು ತಿರುಗುವುದು ನಮಗೆ ಒಗ್ಗುವುದಿಲ್ಲ. ಕಳೆದ ಭಾನುವಾರ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯೊಂದರಲ್ಲಿ ಈ ನಾಲ್ಕೂ ದೇಶಗಳಿಗೆ ಸೇರಿದ ಒಂದು ದಪ್ಪ ಕೈಪಿಡಿ ಅರ್ಧ ಬೆಲೆಗೆ ಸಿಕ್ಕಿತು. 2018ರ ಮುದ್ರಣ. ಊರುಗಳ, ದೇವಾಲಯಗಳ ವಿವರಣೆ ಓದುವಾಗ ಬರೆದವರು ನಿಜಕ್ಕೂ ಅಲ್ಲಿ ಓಡಾಡಿದ್ದಾರೆ ಎನ್ನಿಸುತ್ತದೆ. ಆದರೆ ವೀಸಾ, ಗಡಿ, ಬಸ್ಸಿನ ಪುಟಗಳಿಗೆ ಬಂದಾಗ ಅನುಮಾನ ಶುರುವಾಗುತ್ತದೆ. ಬ್ಯಾಂಕಾಕಿನಿಂದ ಗಡಿಯೂರುಗಳಾದ ಅರಣ್ಯಪ್ರಥೇಟ್, ಪೊಯ್ಪೆಟ್ ಮೂಲಕ ಕಾಂಬೋಡಿಯಾಕ್ಕೆ ಹೋಗುವುದೆಂದು ಪುಸ್ತಕ ನೋಡಿಯೇ ಗೊತ್ತುಮಾಡಿಕೊಂಡಿದ್ದೇವೆ. ಇದನ್ನು ನಂಬಿ ಹೊರಡಬಹುದೇ? ಅಥವಾ ದೇಶಕ್ಕೊಂದರಂತೆ ನಾಲ್ಕು ಹೊಸ ಪುಸ್ತಕಗಳನ್ನು ಕೊಳ್ಳಬೇಕೇ?

ರೈಲುಪ್ರಿಯ, ಬಸವನಗುಡಿ

ಸರ್, ಮೊದಲು ಪೊಯ್ಪೆಟ್ ವಿಷಯ. ಆ ದಾರಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಪುಸ್ತಕಗಳು ಅದನ್ನು ಅತ್ಯಂತ ಹೆಚ್ಚು ಜನ ಬಳಸುವ ಭೂಮಾರ್ಗವೆಂದು ವರ್ಣಿಸಿದ್ದು ಆಗ ನಿಜವೇ ಆಗಿತ್ತು. ಆದರೆ 2025ರ ಜೂನ್‌ನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವಿನ ಗಡಿ ಪ್ರವಾಸಿಗರಿಗೆ ಮುಚ್ಚಿತು, ಜುಲೈನಲ್ಲಿ ಎರಡೂ ದೇಶಗಳ ಸೈನ್ಯಗಳ ನಡುವೆ ಕಾಳಗವೇ ನಡೆಯಿತು. ನಾನಾಗಿದ್ದರೆ ಬ್ಯಾಂಕಾಕಿನಿಂದ ಮೊದಲು ಲಾವೋಸಿಗೆ ಹೋಗಿ, ಅದರ ದಕ್ಷಿಣ ತುದಿಯಿಂದ ಕಾಂಬೋಡಿಯಾಕ್ಕಿಳಿದು, ಅಲ್ಲಿಂದ ಗಡಿಯೂರಾದ ಬಾವೆಟ್ ಮೂಲಕ ವಿಯೆಟ್ನಾಂ ಸೇರಿ, ಹನೋಯಿಯಿಂದ ವಿಮಾನ ಹತ್ತುತ್ತಿದ್ದೆ.

ತಮ್ಮ ಅನುಮಾನ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿದೆ. 2018ರ ಮುದ್ರಣವೆಂದರೆ ಲೇಖಕರು ಊರೂರು ಸುತ್ತಿ ವಿವರ ಕಲೆಹಾಕಿದ್ದು ಬಹುಶಃ 2017ರಲ್ಲಿ. ಅದನ್ನು ಬರೆದು, ತಿದ್ದಿ, ನಕ್ಷೆ ಕೂಡಿಸಿ, ಅಚ್ಚು ಹಾಕಿ ಅಂಗಡಿಗೆ ತರುವಷ್ಟರಲ್ಲಿ ತಿಂಗಳುಗಟ್ಟಲೆ ಕಾಲ ಸರಿದಿರುತ್ತದೆ. ಒಂದೇ ದೇಶದ ಪುಸ್ತಕಕ್ಕೂ ಈ ತೊಂದರೆ ತಪ್ಪಿದ್ದಲ್ಲ. ಆದರೆ ಹಲವು ದೇಶಗಳ ಪುಸ್ತಕದಲ್ಲಿ ಒಂದು ಗಡಿ ಮುಚ್ಚಿದರೆ ಅಥವಾ ಒಂದು ನಿಯಮ ಬದಲಾದರೆ ಆ ಅಧ್ಯಾಯವೊಂದೇ ಅಲ್ಲ, ಅದರ ಹಿಂದು ಮುಂದಿನ ಪ್ರಯಾಣದ ಲೆಕ್ಕವೂ ಕೆಡುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ನಾಲ್ಕು ವರ್ಷ ಹಳೆಯ ಕೈಪಿಡಿಯೊಂದನ್ನು ಹಿಡಿದು, ಲಾವೋಸ್ ಗಡಿಯ ನೋಂಗ್ ಖಾಯ್‌ಗೆ ಹೋಗುವ ರಾತ್ರಿ ರೈಲು ಹತ್ತಲೆಂದು ಬ್ಯಾಂಕಾಕಿನ ಹುವಾ ಲಂಫೋಂಗ್ ನಿಲ್ದಾಣಕ್ಕೆ ಹೋದೆ. ಅಷ್ಟು ದೊಡ್ಡ ಕಮಾನಿನ ಕೆಳಗೆ ಜನವೇ ಇರಲಿಲ್ಲ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ನಕ್ಷೆಯ ಮೇಲೇ ಬಾಲ್‌ಪೆನ್ನಿನಿಂದ ಉತ್ತರಕ್ಕೊಂದು ಬಾಣ ಎಳೆದು, ಕೆಳಗಿಳಿದು ಮೆಟ್ರೋ ಹಿಡಿಯಿರಿ ಎಂದು ಸನ್ನೆ ಮಾಡಿದರು. ಉತ್ತರ, ಈಶಾನ್ಯ, ದಕ್ಷಿಣ ಮಾರ್ಗಗಳ ದೂರದ ರೈಲುಗಳನ್ನು ಆ ವರ್ಷ ಜನವರಿ 19ರಿಂದ ಬಾಂಗ್ ಸೂ ಬಳಿಯ ಹೊಸ ನಿಲ್ದಾಣಕ್ಕೆ ಸ್ಥಳಾಂತರಿಸಿದ್ದರು. ಮೆಜೆಸ್ಟಿಕ್‌ಗೆ ಬಂದು ನಿಂತ ಮೇಲೆ ತಮ್ಮ ರೈಲು ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ಹೊರಡುತ್ತದೆಂದು ತಿಳಿದು ಓಡಿದವರಿಗೆ ನನ್ನ ಆಗಿನ ಎದೆಬಡಿತ ಅರ್ಥವಾದೀತು. ರೈಲು ಸಿಕ್ಕಿತು, ಆದರೆ ಕೊನೆಯ ಕ್ಷಣದಲ್ಲಿ.

ತಮ್ಮ ಪುಸ್ತಕದಲ್ಲಿ ಲಾವೋಸಿನ ವಿಯೆಂಟಿಯಾನಿನಿಂದ ಲುವಾಂಗ್ ಪ್ರಬಾಂಗ್‌ಗೆ ಇಡೀ ಹಗಲಿನ ಬೆಟ್ಟದ ಹಾದಿಯ ಬಸ್ಸೆಂದೇ ಇರಬೇಕು. 2021ರ ಡಿಸೆಂಬರಿನಲ್ಲಿ ಲಾವೋಸ್–ಚೀನಾ ರೈಲು ಆರಂಭವಾದ ಮೇಲೆ ಅದು ಸುಮಾರು ಎರಡು ಗಂಟೆಯ ಪ್ರಯಾಣ. 2024ರ ಜುಲೈನಿಂದ ಬ್ಯಾಂಕಾಕ್–ವಿಯೆಂಟಿಯಾನ್ ನೇರ ರೈಲೂ ಬಂದಿದೆ. ಇನ್ನು ಬೆಲೆಗಳು: 2018ರಲ್ಲಿ ಒಂದು ಡಾಲರಿಗೆ ಸುಮಾರು 8,500 ಕಿಪ್ (ಲಾವೋಸಿನ ಹಣ) ಸಿಗುತ್ತಿತ್ತು, 2024ರಲ್ಲಿ ಅದು 21,000 ದಾಟಿತು. ಆದ್ದರಿಂದ ಕಿಪ್‌ನಲ್ಲಿ ಅಚ್ಚಾದ ಯಾವ ದರವನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಮಲ್ಲೇಶ್ವರದ ಓದುಗಿ

ರೈಲುಪ್ರಿಯ ಅವರ ಮಾತಿಗೆ ನಾನು ಸೇರಿಸಬೇಕಾದದ್ದು ಪಾಸ್‌ಪೋರ್ಟಿನ ವಿಷಯ. ಇಂತಹ ಇಂಗ್ಲಿಷ್ ಕೈಪಿಡಿಗಳು ಬಹುಪಾಲು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದವು. 'ಹೆಚ್ಚಿನ ಪ್ರವಾಸಿಗರಿಗೆ ವೀಸಾ ಬೇಕಿಲ್ಲ' ಎಂಬ ಸಾಲಿನೊಳಗೆ ನಾವು ಇದ್ದೇವೆಯೇ ಎಂಬುದು ಅಲ್ಲಿ ಗೊತ್ತಾಗುವುದೇ ಇಲ್ಲ. ಅಂದರೆ ಪುಸ್ತಕ ಅಚ್ಚಾದ ದಿನವೂ ಆ ಪುಟ ನಮ್ಮ ಪಾಲಿಗೆ ಪೂರ್ತಿ ಸರಿ ಇರಲಿಲ್ಲ. ಥಾಯ್ಲೆಂಡನ್ನೇ ನೋಡಿ. 2018ರಲ್ಲಿ ಆ ದೇಶಗಳ ಪ್ರವಾಸಿಗರು ನೇರ ಒಳಗೆ ಹೋಗುತ್ತಿದ್ದರು, ನಾವು ವಿಮಾನ ನಿಲ್ದಾಣದಲ್ಲಿ ಸಾಲು ನಿಂತು ಹಣ ಕಟ್ಟಿ ವೀಸಾ ಪಡೆಯುತ್ತಿದ್ದೆವು. 2023ರ ನವೆಂಬರಿನಲ್ಲಿ ಭಾರತೀಯರಿಗೂ ವೀಸಾ ವಿನಾಯಿತಿ ಬಂತು. 2025ರ ಮೇ 1ರಿಂದ ವಿದೇಶಿಯರೆಲ್ಲರೂ ಆನ್‌ಲೈನಿನಲ್ಲಿ ಆಗಮನ ಪತ್ರವನ್ನು ಮೊದಲೇ ತುಂಬಬೇಕಾಯಿತು. ವಿಯೆಟ್ನಾಂ 2023ರ ಆಗಸ್ಟ್ 15ರಿಂದ ಇ-ವೀಸಾ ಅವಧಿಯನ್ನು 30 ದಿನದಿಂದ 90 ದಿನಕ್ಕೆ ಏರಿಸಿತು. ಅರ್ಜಿಯಲ್ಲಿ ಯಾವ ಗಡಿಯಿಂದ ಒಳಬರುತ್ತೀರೆಂದು ಬರೆಯಬೇಕಾದ್ದರಿಂದ ದಾರಿ ನಿಶ್ಚಯವಾದ ಮೇಲೆಯೇ ಅರ್ಜಿ ಹಾಕಿ. ಇವನ್ನೆಲ್ಲ ಹೊರಡುವ ಹಿಂದಿನ ವಾರ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಮತ್ತೊಮ್ಮೆ ನೋಡಲೇಬೇಕು.

ಹಾಗೆಂದು ಪುಸ್ತಕವನ್ನು ಬದಿಗಿಡಬೇಡಿ. ಕಾಂಬೋಡಿಯಾದ ಆಂಕೋರ್ ವಾಟ್ ದೇವಾಲಯದ ಗೋಡೆಗಳ ಮುಂದೆ ನಿಂತಾಗ ನನ್ನ ಕೈಯಲ್ಲಿದ್ದ ಹಳೆಯ ಕೈಪಿಡಿಯ ಎರಡು ಪುಟಗಳು ಸಾಕಾದವು. ಪಶ್ಚಿಮದ ಮೊಗಸಾಲೆಯ ದಕ್ಷಿಣ ಭಾಗದಲ್ಲಿ ಕುರುಕ್ಷೇತ್ರ, ಉತ್ತರ ಭಾಗದಲ್ಲಿ ಲಂಕಾಯುದ್ಧ, ಪೂರ್ವದಲ್ಲಿ ಸಮುದ್ರಮಥನ ಎಂದು ನಕ್ಷೆಯಲ್ಲೇ ಗುರುತಿಸಿದ್ದರು. ಶರಶಯ್ಯೆಯ ಮೇಲಿನ ಭೀಷ್ಮನನ್ನು ನಮ್ಮ ಅತ್ತೆಯವರು ಮಾರ್ಗದರ್ಶಕರ ನೆರವಿಲ್ಲದೆ ಗುರುತು ಹಿಡಿದು, ಅಲ್ಲೇ ಬಹಳ ಹೊತ್ತು ಮೌನವಾಗಿ ನಿಂತುಬಿಟ್ಟರು. ಎರಡನೆಯ ಸೂರ್ಯವರ್ಮನ 12ನೆಯ ಶತಮಾನದಲ್ಲಿ ಕಟ್ಟಿಸಿದ್ದರ ವಿವರ 2018ರಲ್ಲಿ ಸರಿ ಇದ್ದರೆ ಇಂದಿಗೂ ಸರಿಯೇ. ಅಲ್ಲಿನ ಒಂದು ದಿನದ ಟಿಕೆಟ್ಟು 2017ರಲ್ಲಿ 20 ಡಾಲರಿನಿಂದ 37ಕ್ಕೆ ಏರಿದ ಮೇಲೆ ನಾವು ಹೋದಾಗಲೂ ಅಷ್ಟೇ ಇತ್ತು.

ವಿಜಯನಗರ ಗೃಹಿಣಿ

ತಾವು ಸಸ್ಯಾಹಾರಿಗಳಾಗಿದ್ದರೆ ಊಟದ ಅಧ್ಯಾಯವನ್ನು ಹೋಟೆಲುಗಳ ಹೆಸರಿಗಾಗಿ ಓದಬೇಡಿ, ಅವು ಮುಚ್ಚಿರಬಹುದು. ಪದಗಳಿಗಾಗಿ ಓದಿ. ಥಾಯ್ಲೆಂಡಿನಲ್ಲಿ 'ಜೇ' ಎಂದರೆ ಮೀನಿನ ಸಾರವೂ ಇಲ್ಲದ ಅಡುಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಬರೀ 'ತರಕಾರಿ' ಎಂದು ಕೇಳಿದರೆ ಮೀನಿನ ಸಾಸ್ ಹಾಕಿಯೇ ಕೊಟ್ಟಾರು. ವಿಯೆಟ್ನಾಮಿನಲ್ಲಿ 'ಚಾಯ್' ಎಂದು ಕೇಳಿ.

ದಪ್ಪ ಪುಸ್ತಕವನ್ನು ಇಡಿಯಾಗಿ ಹೊರಬೇಡಿ. ನಾವು ಅವೆನ್ಯೂ ರಸ್ತೆಯಲ್ಲಿ ದೇಶಕ್ಕೊಂದರಂತೆ ಬಿಡಿಸಿ, ದಾರದಲ್ಲಿ ಹೊಲಿಸಿ, ತೆಳು ರಟ್ಟು ಹಾಕಿಸಿಕೊಂಡಿದ್ದೆವು.

ಜಯನಗರ ನಿವಾಸಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ದಾರಿಯನ್ನು ತಿರುಗಿಸಿದೆವು: ಬ್ಯಾಂಕಾಕ್, ವಿಯೆಂಟಿಯಾನ್, ಲುವಾಂಗ್ ಪ್ರಬಾಂಗ್, ಅಲ್ಲಿಂದ ದಕ್ಷಿಣಕ್ಕೆ ಪಾಕ್ಸೆ, ಕಾಂಬೋಡಿಯಾ, ಕೊನೆಗೆ ವಿಯೆಟ್ನಾಂ. ವೀಸಾ ಮತ್ತು ಬಸ್ಸಿನ ಪುಟಗಳ ಮೇಲೆ ನನ್ನ ಮನೆಯವರು ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದಿದ್ದಾರೆ. ಹೊಸ ಪುಸ್ತಕ ಕೊಳ್ಳುತ್ತಿಲ್ಲ. ಶನಿವಾರ ಅವೆನ್ಯೂ ರಸ್ತೆಗೆ ಹೋಗಿ ಉಳಿದದ್ದನ್ನು ಹೊಲಿಸುತ್ತೇವೆ. ಪಾಕ್ಸೆಯಿಂದ ಕಾಂಬೋಡಿಯಾ ಗಡಿಯನ್ನು ಬಸ್ಸಿನಲ್ಲಿ ಇತ್ತೀಚೆಗೆ ದಾಟಿದವರು ಯಾರಾದರೂ ಇದ್ದರೆ, ಅಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತೆಂದು ದಯವಿಟ್ಟು ಬರೆಯಿರಿ. ನನ್ನ ಮನೆಯವರಿಗೆ ಮಂಡಿನೋವಿರುವುದರಿಂದ ಬಹಳ ಹೊತ್ತು ನಿಲ್ಲಲಾಗುವುದಿಲ್ಲ.