ಸಹಾಯ ಬೇಕು: ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಓಡುತ್ತಿಲ್ಲ

ಉಬುಂಟು 22.04 (ಲಿನಕ್ಸ್). ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕ ರಾತ್ರಿ 2ಕ್ಕೆ ವೀಡಿಯೊ ಕುಗ್ಗಿಸುವ ಶೆಲ್ ಸ್ಕ್ರಿಪ್ಟ್ ಇದೆ. ಅದು ಬಳಸುವ ವೀಡಿಯೊ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್ ಇರುವುದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ಕೈಯಾರೆ ಓಡಿಸಿದರೆ ಸರಿ, ಕ್ರಾನ್‌ನಲ್ಲಿ 'ನಾಟ್ ಫೌಂಡ್', ಎಕ್ಸಿಟ್ ಕೋಡ್ 127.

ಕಾರಣ ಗೊತ್ತು: ಕ್ರಾನ್ ಕೊಡುವ ಪಾತ್‌ನಲ್ಲಿ (ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) /ಯುಎಸ್‌ಆರ್/ಬಿನ್ ಮತ್ತು /ಬಿನ್ ಬಿಟ್ಟರೆ ಬೇರೇನಿಲ್ಲ, ಟರ್ಮಿನಲ್‌ನ ಸೆಟ್ಟಿಂಗ್ ಫೈಲ್ ಆದ ಬ್ಯಾಶ್‌ಆರ್‌ಸಿಯನ್ನು ಅದು ಓದುವುದೂ ಇಲ್ಲ. ಕ್ರಾನ್‌ಟ್ಯಾಬ್‌ನ (ಕ್ರಾನ್ ಕೆಲಸಗಳ ಪಟ್ಟಿ ಇರುವ ಫೈಲ್) ತಲೆಯಲ್ಲಿ ಪಾತ್=$ಪಾತ್:/ಯುಎಸ್‌ಆರ್/ಲೋಕಲ್/ಬಿನ್ ಎಂದು ಹಾಕಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಅಲ್ಲಿ ಡಾಲರ್ ವೇರಿಯೇಬಲ್ ಬಿಡಿಸಿಕೊಳ್ಳುವುದಿಲ್ಲ, ಅಕ್ಷರಶಃ ಹಾಗೇ ಉಳಿಯುತ್ತದೆ. ಎಫ್‌ಎಫ್‌ಎಂಪೆಗ್ ಸಿಗುತ್ತದೆ, ಆದರೆ ಡೇಟ್, ಎಂವಿಯಂಥ ಮಾಮೂಲಿ ಕಮಾಂಡ್‌ಗಳೇ ಕಾಣೆ! ಮೂರೂ ಡೈರೆಕ್ಟರಿಗಳನ್ನು ಪೂರ್ತಿ ಬರೆದರೆ ಕೆಲಸ ಮಾಡುತ್ತದೆ.

ಈಗ ಎರಡು ಪ್ರಶ್ನೆ.

ಒಂದು, ನಾಲ್ಕೈದು ಯೂಸರ್‌ಗಳ ಕ್ರಾನ್‌ಟ್ಯಾಬ್‌ಗಳಲ್ಲೂ ಇದೇ ಸಾಲು ಬರೆಯುವುದು ತಲೆನೋವು. ಎಲ್ಲ ಯೂಸರ್‌ಗಳಿಗೂ ಒಂದೇ ಆದ /ಇಟಿಸಿ/ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿ ಹಾಕಿದರೆ ಕ್ರಾನ್ ಅದನ್ನು ಗೌರವಿಸುತ್ತದೆಯೋ, ತನ್ನ ಪಾತ್‌ನಿಂದ ಅಳಿಸಿಬಿಡುತ್ತದೆಯೋ? ಪ್ರತಿ ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಪಾತ್ ಅನ್ನು ಎಕ್ಸ್‌ಪೋರ್ಟ್ ಮಾಡುವುದೇ ವಾಸಿಯೇ?

ಎರಡು, ಕ್ರಾನ್ ಶುರುವಾಗುವುದು ಹೋಮ್ ಡೈರೆಕ್ಟರಿಯಲ್ಲಿ, ಹಾಗಾಗಿ ಸ್ಕ್ರಿಪ್ಟ್ ಪಕ್ಕದಲ್ಲೇ ಇರುವ ./ಲಿಸ್ಟ್ ಎಂಬ ಫೈಲ್ ಸಿಗುವುದಿಲ್ಲ. ಡರ್‌ನೇಮ್ "$0" (ಸ್ಕ್ರಿಪ್ಟ್ ಇರುವ ಡೈರೆಕ್ಟರಿ) ಬಳಸಿ ಅಲ್ಲಿಗೆ ಸಿಡಿ ಮಾಡಿದರೆ, ಸ್ಕ್ರಿಪ್ಟ್‌ಗೆ ಸಿಮ್‌ಲಿಂಕ್ (ಬೇರೆ ಜಾಗದಿಂದ ಅದನ್ನು ತೋರಿಸುವ ಕೊಂಡಿ) ಇರುವುದರಿಂದ ಲಿಂಕ್ ಇರುವ ಜಾಗಕ್ಕೇ ಹೋಗುತ್ತದೆ. ಕೊಂಡಿಯ ಹಿಂದಿನ ನಿಜವಾದ ಫೈಲ್ ಹೇಳುವ ರೀಡ್‌ಲಿಂಕ್ -ಎಫ್ ಮೊದಲು ಹಾಕಿದರೆ ಸರಿಹೋಗುತ್ತದೆ, ಆದರೆ ಇದೇ ಸ್ಕ್ರಿಪ್ಟ್ ಹಳೆಯ ಮ್ಯಾಕ್ ಒಂದರಲ್ಲೂ ಓಡಬೇಕು, ಅಲ್ಲಿನ ರೀಡ್‌ಲಿಂಕ್‌ಗೆ ಆ ಆಯ್ಕೆ ಇಲ್ಲ. ಎರಡೂ ಕಡೆ ನಡೆಯುವ ದಾರಿ ಬಲ್ಲವರು ತಿಳಿಸಿ. ಪೈಥಾನ್ ಹಾಕು ಎನ್ನಬೇಡಿ, ಆ ಮ್ಯಾಕ್‌ನಲ್ಲಿ ಏನನ್ನೂ ಹೊಸದಾಗಿ ಹಾಕುವಂತಿಲ್ಲ.